ಗೋಲು ಹೊಡೆದರೆ ಜನ ಬರುವುದಿಲ್ಲ

2018ರ ಜೂನ್ 1ರಂದು ಮುಂಬೈನ ಅಂಧೇರಿಯಲ್ಲಿ ಭಾರತದ ಫುಟ್‌ಬಾಲ್ ತಂಡ ಚೈನೀಸ್ ತೈಪೆಗೆ ಐದು ಗೋಲು ಬಾರಿಸಿತು. ನಾಯಕ ಸುನಿಲ್ ಚೆಟ್ರಿ ಒಬ್ಬರದೇ ಮೂರು. ನೋಡಲು ಬಂದವರು 2,569 ಮಂದಿ. ಬೆಂಗಳೂರಿನಲ್ಲಿ ಒಬ್ಬ ಮಾಜಿ ಕಾರ್ಪೊರೇಟರ್ ಮಗಳ ಆರತಕ್ಷತೆಗೆ ಇದಕ್ಕಿಂತ ಹೆಚ್ಚು ಎಲೆ ಬೀಳುತ್ತವೆ.

2024ರ ಜೂನ್ 6ರಂದು ಕೋಲ್ಕತ್ತದ ಸಾಲ್ಟ್ ಲೇಕ್‌ನಲ್ಲಿ ಕುವೈತ್ ಎದುರು ವಿಶ್ವಕಪ್ ಅರ್ಹತಾ ಪಂದ್ಯ. ನಮ್ಮವರು ಒಂದೇ ಒಂದು ಗೋಲು ಹೊಡೆಯಲಿಲ್ಲ. ಅವರೂ ಹೊಡೆಯಲಿಲ್ಲ. ಜನ 58,921.

ಇನ್ನೇನು ಪುರಾವೆ ಬೇಕು? ಗೋಲಿಗೂ ಜನಕ್ಕೂ ಎಣ್ಣೆ ಸೀಗೆಕಾಯಿ. ಕಾಗದ ಪೆನ್ಸಿಲ್ ಹಿಡಿದು ಲೆಕ್ಕ ಹಾಕಿದೆ: ಗೋಲೊಂದಕ್ಕೆ ತಲಾ 11,270 ಪ್ರೇಕ್ಷಕರು ನಷ್ಟ. ಫೆಡರೇಷನ್‌ನವರೋ ಇದನ್ನು ತಿಳಿಯದೆ ಗೋಲು ಹೊಡೆಯುವವರು ಎಲ್ಲಿ ಸಿಗುತ್ತಾರೆ ಎಂದು ಇನ್ನೂ ಹುಡುಕುತ್ತಿದ್ದಾರೆ.

ಕೋಲ್ಕತ್ತದ್ದು ಚೆಟ್ರಿಯವರ ವಿದಾಯದ ಪಂದ್ಯವಲ್ಲವೇ ಎಂದು ತಿಳಿದವರು ತಗಾದೆ ತೆಗೆಯಬಹುದು. ನಾನು ಹೇಳುತ್ತಿರುವುದೂ ಅದನ್ನೇ. ಆಡುವುದನ್ನು ನೋಡಲು ಬಾರದವರು ಆಟ ಬಿಡುವುದನ್ನು ನೋಡಲು ಬಂದರು. ಬದುಕಿದ್ದಾಗ ಬಾಗಿಲಿಗೆ ಬಾರದ ನೆಂಟರು ವೈಕುಂಠ ಸಮಾರಾಧನೆಗೆ ಎರಡು ಗಂಟೆ ಮೊದಲೇ ಬಂದು ಕೂರುವುದಿಲ್ಲವೇ, ಹಾಗೆ. ಆದರೆ ಒಂಬತ್ತು ತಿಂಗಳು ತುಂಬುತ್ತಿದ್ದಂತೆ, 2025ರ ಮಾರ್ಚ್‌ನಲ್ಲಿ, ಚೆಟ್ರಿ ವಾಪಸು ಬಂದರು. ಮಾಲ್ಡೀವ್ಸ್ ಮೇಲೆ ಗೋಲನ್ನೂ ಹೊಡೆದರು. ವಡೆ ಪಾಯಸ ತಿಂದು ಕಣ್ಣೊರೆಸಿಕೊಂಡು ಹೋದ ನೆಂಟರಿಗೆ ಎಷ್ಟು ಮುಜುಗರವಾಗಿರಬೇಡ!

ಬೇಡಿದರೂ ಜನ ಬರುತ್ತಾರೆ. ಅಂಧೇರಿಯ ಐದು ಗೋಲಿನ ಮರುದಿನವೇ ಚೆಟ್ರಿ ವಿಡಿಯೊ ಮಾಡಿ ಕೈಮುಗಿದರು. ಬೈಯಿರಿ, ಆದರೆ ದಯವಿಟ್ಟು ಕ್ರೀಡಾಂಗಣಕ್ಕೆ ಬಂದು ಬೈಯಿರಿ ಎಂಬುದು ಅವರ ಅಹವಾಲಿನ ಸಾರ. ವಿರಾಟ್ ಕೊಹ್ಲಿ ದನಿಗೂಡಿಸಿದರು. ಜೂನ್ 4ರಂದು ಕೀನ್ಯಾ ವಿರುದ್ಧದ ಪಂದ್ಯಕ್ಕೆ, ಸುರಿಯುವ ಮಳೆಯಲ್ಲಿ, ಆ ಪುಟ್ಟ ಕ್ರೀಡಾಂಗಣ ತುಂಬಿತು. ಅದು ಚೆಟ್ರಿಯವರ ನೂರನೇ ಅಂತರರಾಷ್ಟ್ರೀಯ ಪಂದ್ಯ. ನೂರು ಪಂದ್ಯ ಆಡಿದ ಮೇಲೂ ಕ್ರಿಕೆಟ್ ನಾಯಕನ ಶಿಫಾರಸು ಬೇಕಾಯಿತು ಎಂದು ಹಲುಬಬೇಡಿ. ಈ ದೇಶದಲ್ಲಿ ಶಿಫಾರಸಿಲ್ಲದೆ ಗ್ಯಾಸ್ ಕನೆಕ್ಷನ್ನಿಗೂ ಕಾಯಬೇಕಾಗಿದ್ದ ಕಾಲ ತೀರಾ ಹಳೆಯದೇನಲ್ಲ.

ಇವೆರಡಕ್ಕಿಂತ ಸಲೀಸಾದದ್ದು ವೈರಿಯನ್ನು ಕರೆಸುವುದು. 2023ರ ಜೂನ್ 21, ನಮ್ಮದೇ ಕಂಠೀರವ ಕ್ರೀಡಾಂಗಣ, ಸ್ಯಾಫ್ ಟೂರ್ನಿಯಲ್ಲಿ ಪಾಕಿಸ್ತಾನ. ವೀಸಾ ತಡವಾಗಿ ಅವರು ಬೆಂಗಳೂರಿಗೆ ಬಂದಿಳಿದದ್ದೇ ಪಂದ್ಯದ ದಿನ. ವಿಶ್ವ ಶ್ರೇಯಾಂಕದಲ್ಲಿ ಆಗ ಇನ್ನೂರರ ಆಸುಪಾಸಿನಲ್ಲಿದ್ದ ತಂಡ. ಬೇರೆ ಹೆಸರಿನಲ್ಲಿ ಬಂದಿದ್ದರೆ ಕಬ್ಬನ್ ಪಾರ್ಕಿನ ಅಳಿಲುಗಳೂ ಇತ್ತ ಇಣುಕುತ್ತಿರಲಿಲ್ಲ. ಆದರೆ ಮಳೆಯಲ್ಲೂ ಇಪ್ಪತ್ತು ಸಾವಿರ ದಾಟಿತು. ನನ್ನ ಪಕ್ಕದಲ್ಲಿದ್ದಾತ ತಲೆಗೆ ಬಟ್ಟೆ ಅಂಗಡಿಯ ಪ್ಲಾಸ್ಟಿಕ್ ಕವರ್ ಸಿಕ್ಕಿಸಿಕೊಂಡು, ಓಟದ ಟ್ರ್ಯಾಕಿನ ಆಚೆ ಇರುವೆಗಳಂತೆ ಕಾಣುತ್ತಿದ್ದ ಆಟಗಾರರಿಗೆ ಗಂಟಲು ಹರಿಯುವಂತೆ ಕೂಗುತ್ತಿದ್ದ. ದ್ವಿತೀಯಾರ್ಧ ಶುರುವಾಗಿ ಐದು ನಿಮಿಷಕ್ಕೆ ಗಾಬರಿಯಿಂದ ನನ್ನ ತೋಳು ಹಿಡಿದ: "ಸಾರ್, ನಮ್ಮೋರು ಯಾಕೆ ನಮ್ಮ ಗೋಲಿಗೇ ಹೊಡೀತಾವ್ರೆ?" ಕಡೆ ಬದಲಾಗಿರುವುದನ್ನು ತಿಳಿಸಿ ಸಮಾಧಾನಪಡಿಸಿದೆ. ಅಂದು ಭಾರತ ನಾಲ್ಕು ಗೋಲು ಹೊಡೆದು ಗೆದ್ದಿತು. ನನ್ನ ಸೂತ್ರಕ್ಕೆ ಇದರಿಂದ ಧಕ್ಕೆಯೇನಿಲ್ಲ. ವೈರಿಗೆ ಹೊಡೆದ ಗೋಲಿಗೆ ತೆರಿಗೆ ವಿನಾಯಿತಿ ಇದೆ.

ಧಕ್ಕೆ ಬಂದಿದ್ದು ಪ್ಯೊಂಗ್ಯಾಂಗ್‌ನಿಂದ. 2019ರ ಅಕ್ಟೋಬರ್ 15ರಂದು ಅಲ್ಲಿ ಉತ್ತರ ಕೊರಿಯಾ, ದಕ್ಷಿಣ ಕೊರಿಯಾ ಆಡಿದವು. ವೈರ ಬೇಕಾದಷ್ಟು, ಗೋಲು ಸೊನ್ನೆ, ನನ್ನ ಪ್ರಕಾರ ಲಕ್ಷ ಜನ ಸೇರಬೇಕು. ಸೇರಿದ್ದೂ ಸೊನ್ನೆ. ಸರ್ಕಾರ ಒಬ್ಬ ಪ್ರೇಕ್ಷಕನನ್ನೂ ಒಳಗೆ ಬಿಡಲಿಲ್ಲ, ಟಿವಿಯಲ್ಲಿ ನೇರ ಪ್ರಸಾರವೂ ಇಲ್ಲ. ಫಿಫಾ ಅಧ್ಯಕ್ಷ ಇನ್ಫಾಂಟಿನೊ ಬಂದು ಖಾಲಿ ಗ್ಯಾಲರಿಗಳ ನಡುವೆ ಕೂತು ನೋಡಿ ಹೋದರು.

ಖಾಲಿ ಕುರ್ಚಿಯ ಅನುಭವ ಅವರಿಗೆ ಮುಂದೆ ಅಮೆರಿಕದಲ್ಲೂ ಒದಗಿತು. 2025ರ ಕ್ಲಬ್ ವಿಶ್ವಕಪ್ಪಿನಲ್ಲಿ ಚೆಲ್ಸಿ, ಫ್ಲುಮಿನೆನ್ಸೆ ನಡುವಿನ ಸೆಮಿಫೈನಲ್ ಟಿಕೆಟ್ಟು 473.90 ಡಾಲರಿನಿಂದ ಕೆಲವೇ ದಿನಗಳಲ್ಲಿ 13.40ಕ್ಕೆ ಇಳಿಯಿತು. ಕೆ.ಆರ್. ಮಾರ್ಕೆಟ್ಟಿನಲ್ಲಿ ಕತ್ತಲಾದ ಮೇಲೆ ಕೊತ್ತಂಬರಿ ಸೊಪ್ಪು ಇಳಿಯುವುದೂ ಹೀಗೆಯೇ. ಸೊಪ್ಪಿನಮ್ಮನಿಗೆ ಇದನ್ನು ಡೈನಾಮಿಕ್ ಪ್ರೈಸಿಂಗ್ ಎನ್ನಲು ಬರುವುದಿಲ್ಲ, ಅಷ್ಟೇ ವ್ಯತ್ಯಾಸ.

ನನ್ನ ಸಂಶೋಧನೆಯ ಕೊನೆಯ ಮೆಟ್ಟಿಲಿಗೆ ಮತ್ತೆ ಸಾಲ್ಟ್ ಲೇಕಿಗೇ ಹೋಗಬೇಕು. 2025ರ ಡಿಸೆಂಬರ್ 13. ಮೆಸ್ಸಿ ಬಂದರು. ಆಡಲಿಕ್ಕಲ್ಲ, ಸುಮ್ಮನೆ ಬಂದರು. ಸಾವಿರಾರು ರೂಪಾಯಿಯ ಟಿಕೆಟ್ಟು ಕೊಂಡು ಜನ ನೆರೆದರು. ಗಣ್ಯರು, ಅವರ ಕಡೆಯವರು, ಕಡೆಯವರ ಕಡೆಯವರು ಸೆಲ್ಫಿಗಾಗಿ ಮೆಸ್ಸಿಯನ್ನು ಸುತ್ತುವರಿದು ಕೋಟೆ ಕಟ್ಟಿದರು. ಇಪ್ಪತ್ತು ನಿಮಿಷದಲ್ಲಿ ಮೆಸ್ಸಿ ಹೊರಟೂ ಹೋದರು. ಒಂದೂವರೆ ವರ್ಷದ ಕೆಳಗೆ ಚೆಟ್ರಿಗಾಗಿ ಕಣ್ಣೀರು ಹಾಕಿದ್ದ ಗ್ಯಾಲರಿಯ ಕುರ್ಚಿಗಳನ್ನು ಜನ ಕಿತ್ತು ಎಸೆದರು. ಆಯೋಜಕ ಬಂಧನಕ್ಕೊಳಗಾದ, ಮುಖ್ಯಮಂತ್ರಿ ಕ್ಷಮೆ ಕೇಳಿದರು. ಅಲ್ಲಿಗೆ ಗೋಲು ಬೇಡ, ಎದುರಾಳಿ ಬೇಡ, ಆಟವೇ ಬೇಡ ಎಂದಾಯಿತು. ಮೆಸ್ಸಿಯ ಬದಲು ಅದೇ ಎತ್ತರದ ಬೇರೊಬ್ಬರನ್ನು ಆ ಕೋಟೆಯೊಳಗೆ ನಿಲ್ಲಿಸಿದ್ದರೂ ಮೇಲಿನ ಗ್ಯಾಲರಿಯವರಿಗೆ ತಿಳಿಯುತ್ತಿರಲಿಲ್ಲ.

ಕೆಲವು ವರ್ಷಗಳ ಹಿಂದೆ ಕಂಠೀರವದಲ್ಲಿ ಭಾರತದ ಪಂದ್ಯವೊಂದಕ್ಕೆ ನಮ್ಮ ಎದುರುಮನೆ ರಾಯರನ್ನು ಕರೆದಿದ್ದೆ. ಯಾರ ಮೇಲೆ ಆಟ ಎಂದು ಅವರು ಕೇಳಲಿಲ್ಲ.

"ಟಿಕೆಟ್ ಸಿಗುತ್ತೇನ್ರೀ?"

"ಧಾರಾಳವಾಗಿ ಸಿಗುತ್ತೆ ರಾಯರೇ."

ಪೇಪರು ಮಡಚಿ, ಕನ್ನಡಕದ ಮೇಲಿಂದ ನೋಡಿದರು.

"ಹಾಗಾದ್ರೆ ಬೇಡ ಬಿಡಿ. ಸಿಗೋದೇ ಇಲ್ಲ ಅಂತಾದಾಗ ಹೇಳಿ, ಹೇಗಾದ್ರೂ ಮಾಡಿ ಬರ್ತೀನಿ."