ಗಣಪತಿಗೆ ಬಣ್ಣ ಹಾಕುವ ಅಣ್ಣಂದಿರಿಗೆ, ಅಕ್ಕಂದಿರಿಗೆ

ಮಂಡ್ಯ, ಮದ್ದೂರು, ಮಳವಳ್ಳಿ ಸೀಮೆಯಲ್ಲಿ ಗೌರಿ-ಗಣೇಶರನ್ನು ಮಾಡಿ ಬಣ್ಣ ಹಾಕುವ ಎಲ್ಲರಿಗೂ ನಮಸ್ಕಾರ.

ಹಬ್ಬ ಇನ್ನೂ ದೂರವಿರುವಾಗಲೇ ಬರೆಯುತ್ತಿದ್ದೇನೆ. ಶ್ರಾವಣ ಬಂತೆಂದರೆ ನಿಮಗೆ ಕಾಗದ ಓದುವಷ್ಟು ಪುರಸೊತ್ತು ಇರುವುದಿಲ್ಲ. ಹೇಳಬೇಕಾದ್ದು ಮನೆಮನೆಯ ಮಣೆ ಮೇಲೆ ಕೂರುವ ಗೇಣುದ್ದದ ಗಣಪತಿಗಳ ವಿಚಾರ. ಪೆಂಡಾಲಿನ ದೊಡ್ಡ ಮೂರ್ತಿಗಳ ಮಾತು ಬೇರೆ.

ಕುಂಚದ ಜಾಗಕ್ಕೆ ಈಗ ಕಂಪ್ರೆಸರ್, ಸ್ಪ್ರೇ ಗನ್ ಬಂದಿವೆ. ಸಣ್ಣ ಕೆಲಸಕ್ಕೆ ಪೆನ್ನು ಹಿಡಿದ ಹಾಗೆ ಹಿಡಿಯುವ ಏರ್‌ಬ್ರಷ್ಷೂ ಸಿಗುತ್ತದೆ. ಮಿಷನ್ ಬಂದು ಕಲೆ ಕೆಟ್ಟಿತು ಎನ್ನುವವರ ಜೊತೆ ನಾನಿಲ್ಲ. ನನ್ನ ತಕರಾರೆಲ್ಲ ಅದರ ಬಟ್ಟಲಿಗೆ ಸುರಿಯುವ ಎನಾಮಲ್ ಮತ್ತು ಥಿನ್ನರ್ ಮೇಲೆ.

ಸುಡದ ಮಣ್ಣಿನ ಮೂರ್ತಿಗೆ ಕುಂಚದಲ್ಲಿ ನೀರುಬಣ್ಣ ಬಳಿಯುವ ಕಷ್ಟ ನನಗಿಂತ ನಿಮಗೇ ಚೆನ್ನಾಗಿ ಗೊತ್ತು. ಒದ್ದೆ ಕುಂಚ ಎರಡನೇ ಸಲ ಅದೇ ಜಾಗಕ್ಕೆ ಹೋದರೆ ಮಣ್ಣು ಕರಗಿ ಕುಂಚಕ್ಕೇ ಹತ್ತುತ್ತದೆ. ಸೊಂಡಿಲಿನ ಗೆರೆ, ಬೆರಳಿನ ಸಂದು ಮುಚ್ಚಿಹೋಗುತ್ತವೆ. ಬಿಳಿ ತಳಬಣ್ಣ ಕೆಸರಿನ ಬಣ್ಣಕ್ಕೆ ತಿರುಗುತ್ತದೆ. ಎನಾಮಲ್‌ನಂಥ ಎಣ್ಣೆಬಣ್ಣದಲ್ಲಿ ಈ ತಾಪತ್ರಯ ಇಲ್ಲ, ನಿಜ. ಆದರೆ ಗನ್ನು ಮೂರ್ತಿಯನ್ನು ಮುಟ್ಟುವುದೇ ಇಲ್ಲವಲ್ಲ! ತುಂತುರಾಗಿ ಬಿದ್ದ ತೆಳುಪದರ ಮಣ್ಣನ್ನು ನೆನೆಸುವ ಮೊದಲೇ ಆರಿಹೋಗುತ್ತದೆ. ನೀರುಬಣ್ಣಕ್ಕೆ ಇದಕ್ಕಿಂತ ಒಳ್ಳೆಯ ಸಾಧನ ಇನ್ನೊಂದಿಲ್ಲ. ಅಂಥದ್ದನ್ನು ಕೈಯಲ್ಲಿಟ್ಟುಕೊಂಡು ಎನಾಮಲ್ ಹೊಡೆಯುವುದನ್ನು ನೋಡಿದರೆ ಸಂಕಟವಾಗುತ್ತದೆ.

ಮೂರ್ತಿ ನೆರಳಿನಲ್ಲಿ ಪೂರ್ತಿ ಒಣಗಲಿ. ಬಿಸಿಲಿಗಿಟ್ಟರೆ ಮೇಲ್ಮೈ ಮೊದಲು ಒಣಗಿ ಕುಗ್ಗುತ್ತದೆ, ಒಳಗೆ ಇನ್ನೂ ಹಸಿ ಇರುತ್ತದೆ, ಬಿರುಕು ಬಿಡುವುದು ಅಲ್ಲಿಂದಲೇ. ಒಳಗೆ ಪಸೆ ಉಳಿದಿರುವಾಗ ಎಣ್ಣೆಬಣ್ಣ ಹೊಡೆದರೆ ಆ ಪಸೆಗೆ ಹೊರಗೆ ಬರಲು ದಾರಿಯಿಲ್ಲದೆ ಬಣ್ಣ ಹೊಪ್ಪಳೆ ಏಳುತ್ತದೆ. ಒಣಗಿದ ಮೇಲೆ ಅಚ್ಚಿನ ಅಂಚನ್ನು ಮರಳು ಕಾಗದದಲ್ಲಿ ಉಜ್ಜಿ, ಒಣ ಕುಂಚದಿಂದ ಕಿವಿಯ ಹಿಂದಿನ ಧೂಳನ್ನೂ ಬಿಡದೆ ತೆಗೆಯಿರಿ. ಧೂಳಿನ ಮೇಲೆ ಕೂತ ಪ್ರೈಮರ್, ಅಂದರೆ ಬಿಳಿ ತಳಬಣ್ಣ, ಧೂಳಿನ ಜೊತೆಗೇ ಉದುರುತ್ತದೆ.

ಪ್ರೈಮರಿಗೆ ನಯವಾದ ಸೀಮೆಸುಣ್ಣದ ಪುಡಿ, ಗೋಂದು, ನೀರು ಸಾಕು. ತೆಳು ಬಟ್ಟೆಯಲ್ಲಿ ಸೋಸಲೇಬೇಕು, ಇಲ್ಲದಿದ್ದರೆ ಗನ್ನಿನ ಮೂತಿ ಕಟ್ಟಿಕೊಳ್ಳುತ್ತದೆ. ಸಣ್ಣ ತೂತಿನ ಮೂತಿಗೆ ಈ ಸೀಮೆಸುಣ್ಣ ಆಗಿಬರುವುದಿಲ್ಲ, 0.5 ಮಿ.ಮೀ. ಅಥವಾ ಅದಕ್ಕಿಂತ ದೊಡ್ಡದು ಬೇಕು. ತೀರಾ ಹತ್ತಿರ ಹಿಡಿದರೆ ಬಣ್ಣ ಇಳಿಯುತ್ತದೆ, ತೀರಾ ದೂರ ಹಿಡಿದರೆ ಗಾಳಿಯಲ್ಲೇ ಒಣಗಿ ಪುಡಿಯಾಗಿ ಕೂರುತ್ತದೆ. ಒಂದೇ ಸಲಕ್ಕೆ ಬೆಳ್ಳಗಾಗಲಿ ಎಂದು ಹಟ ಹಿಡಿಯಬೇಡಿ. ಮೊದಲ ಪದರದಲ್ಲಿ ಮಣ್ಣು ಅರೆಬರೆ ಕಾಣುತ್ತಿರಲಿ. ಅದು ಆರಿದ ಮೇಲೆ ಇನ್ನೊಂದು, ಬೇಕಾದರೆ ಮತ್ತೊಂದು. ಮೇಲಿನ ನೀರುಬಣ್ಣಗಳೂ ಹೀಗೆಯೇ. ಕಣ್ಣು ಬರೆಯುವುದು ಮಾತ್ರ ಕೊನೆಗೆ, ಕುಂಚದಲ್ಲೇ. ಆ ಕೆಲಸ ಯಾವ ಗನ್ನಿಗೂ ಬರುವುದಿಲ್ಲ. ಇನ್ನೊಂದು ಮಾತು: ಯಾವ ಬಣ್ಣವಾದರೂ ಸರಿ, ಮಾಸ್ಕ್ ಹಾಕಿಕೊಳ್ಳಿ. ಬಾಗಿಲು ಹಾಕಿದ ಕೋಣೆಯಲ್ಲಿ ಗನ್ ಹಿಡಿಯಬೇಡಿ. ಮಕ್ಕಳೂ ಅಲ್ಲೇ ಓಡಾಡಿಕೊಂಡಿರುತ್ತವೆ.

ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ 2020ರ ಮಾರ್ಗಸೂಚಿ ಪ್ಲಾಸ್ಟರ್ ಆಫ್ ಪ್ಯಾರಿಸ್ಸಿನ ಜೊತೆಗೆ ವಿಷಕಾರಿ ಬಣ್ಣಗಳನ್ನೂ ಬೇಡವೆಂದಿದೆ. ನಮ್ಮ ಕಡೆ ಪ್ಲಾಸ್ಟರ್ ಬೇಡ ಎನ್ನುವ ಮಾತು ಜನರ ಕಿವಿಗೆ ಬಿದ್ದಿದೆ, ಬಣ್ಣದ ಮಾತು ಬಿದ್ದಿಲ್ಲ. ಮಣ್ಣಿನ ಗಣಪತಿ ಎಂದು ನೆಮ್ಮದಿಯಿಂದ ಒಯ್ದು ನಾಲೆಗೋ ಕೆರೆಗೋ ಬಿಡುತ್ತೇವೆ. ಮಣ್ಣು ಕರಗುತ್ತದೆ, ಎನಾಮಲ್ ಸಿಪ್ಪೆ ನೀರಿನಲ್ಲೇ ಉಳಿಯುತ್ತದೆ. ಮೂರೂ ತಾಲ್ಲೂಕಿನ ಗದ್ದೆಗೆ, ಕಬ್ಬಿಗೆ ನೀರು ಕೊಡುವುದು ವಿಶ್ವೇಶ್ವರಯ್ಯ ನಾಲೆ. ಮದ್ದೂರಿನ ಪಕ್ಕ ಹರಿಯುವ ಶಿಂಷಾ ಕೊನೆಗೆ ಸೇರುವುದು ಕಾವೇರಿಯನ್ನೇ. ಕಾವೇರಿ ನೀರಿಗಾಗಿ ಹೆದ್ದಾರಿಗೆ ಬಂದು ಕೂರುವ ಜನ ನಾವು. ಆ ನೀರಿಗೆ ನಾವೇ ಏನು ಹಾಕುತ್ತಿದ್ದೇವೆ ಎಂಬುದನ್ನೂ ನೋಡಬೇಕು.

ತಪ್ಪನ್ನೆಲ್ಲ ನಿಮ್ಮ ತಲೆಗೆ ಕಟ್ಟುವುದು ನ್ಯಾಯವಲ್ಲ. ಮಿರಮಿರ ಮಿಂಚುವ ಗಣಪತಿಯನ್ನೇ ಆರಿಸಿಕೊಂಡು, ಅದಕ್ಕೂ ಚೌಕಾಸಿ ಮಾಡುವವರು ನಾವು. ನೀರುಬಣ್ಣದ ಮೂರ್ತಿಗೆ ಪದರ ಹೆಚ್ಚು, ಕಾಯುವ ಹೊತ್ತೂ ಹೆಚ್ಚು. ಆದ್ದರಿಂದ ಇದನ್ನು ಓದುತ್ತಿರುವ ಕೊಳ್ಳುವವರಲ್ಲೂ ಒಂದು ಬಿನ್ನಹ: ಈ ಸಲ ಮುಂಗಡ ಕೊಡುವಾಗಲೇ ನೀರುಬಣ್ಣದ ಗಣಪತಿ ಬೇಕೆಂದು ಹೇಳಿ, ಮಾಡಿದವರು ಕೇಳಿದ ಬೆಲೆ ಕೊಟ್ಟು ತನ್ನಿ.

ಇಂತಿ,
ನಿಮ್ಮ ಸೀಮೆಯವನೊಬ್ಬ