ಯಾವುದಕ್ಕೂ ಇರ್ಲಿ: ದಕ್ಷಿಣ ಬೆಂಗಳೂರಿನ ಸಮೂಹೋನ್ಮಾದ ಕುರಿತೊಂದು ಪ್ರೌಢಪ್ರಬಂಧ

ಪೂರ್ವಪಕ್ಷ ಹೀಗಿದೆ. ಗುಂಪಿಗೆ ಸೇರಿದೊಡನೆ ಮನುಷ್ಯನ ಬುದ್ಧಿ ಮಂಕಾಗುತ್ತದೆ, ಆಮೇಲೆ ಸಿಕ್ಕಿದ್ದನ್ನೆಲ್ಲ ನಂಬುತ್ತಾನೆ ಎಂದು 1841ರಲ್ಲಿ ಚಾರ್ಲ್ಸ್ ಮೆಕೇ, 1895ರಲ್ಲಿ ಗುಸ್ತಾವ್ ಲೆ ಬಾನ್ ಬರೆದರು. ಇಬ್ಬರೂ ಜಯನಗರ ಕಂಡವರಲ್ಲ. ಇಲ್ಲಿ ಯಾರೂ ಏನನ್ನೂ ನಂಬುವುದಿಲ್ಲ. ಆದರೂ ಎಲ್ಲರೂ ಎಲ್ಲವನ್ನೂ ಮಾಡುತ್ತಾರೆ.

ಸಿದ್ಧಾಂತದ ಬೀಜಮಂತ್ರ ಪ್ರಬಂಧಕಾರನಿಗೆ ದೊರೆತದ್ದು ಬನಶಂಕರಿ ಎರಡನೇ ಹಂತದ ತನ್ನ ಗೇಟಿನ ಬಳಿಯೇ. ಒಂದು ಬೆಳಿಗ್ಗೆ ಅಲ್ಲಿ ಎರಡು ಲೀಟರಿನ ಹಳೇ ಕೂಲ್‌ಡ್ರಿಂಕ್ಸ್ ಬಾಟಲಿ ಕೂತಿತ್ತು. ಒಳಗೆ ಕುಂಕುಮ ಕದಡಿದ ನೀರು. ಕೆಂಪು ನೀರು ಕಂಡರೆ ಬೀದಿನಾಯಿ ಅಲ್ಲಿ ಗಲೀಜು ಮಾಡುವುದಿಲ್ಲವಂತೆ. (ನೀಲಿ ಪಂಥವೂ ಒಂದಿದೆ, ಅವರದು ಬಿಳಿ ಪಂಚೆಗೆ ಹಾಕುವ ನೀಲಿ.)

"ಇದನ್ನೆಲ್ಲ ನಂಬ್ತೀಯಾ?" ಎಂದೆ.

"ನಂಬೋದೆಲ್ಲಿ ಬಂತ್ರೀ? ಯಾವುದಕ್ಕೂ ಇರ್ಲಿ ಅಂತ ಇಟ್ಟೆ" ಎಂದಳು ಮನೆಯಾಕೆ.

ಅಷ್ಟರಲ್ಲಿ ನಮ್ಮ ಅಡ್ಡರಸ್ತೆಯ ಹನ್ನೊಂದು ಗೇಟುಗಳಿಗೆ ಬಾಟಲಿ ಬಂದಿತ್ತು. ಒಂದು ಬಾಟಲಿಗೆ ಬೆನ್ನು ಕೊಟ್ಟು ನಾಯಿ ಮಲಗಿತ್ತು.

ಈ ಮಂತ್ರಕ್ಕೆ ಪರಂಪರೆಯಿದೆ. ತೊಂಬತ್ತರ ದಶಕದಲ್ಲಿ, ಗುರುತಿನವರ ದನಿಯಲ್ಲಿ ಕರೆದು ಬಾಗಿಲು ತಟ್ಟುವ ದೆವ್ವದ ಸುದ್ದಿ ಹಬ್ಬಿದಾಗ, ಜನ ಬಾಗಿಲ ಮೇಲೆ "ನಾಳೆ ಬಾ" ಎಂದು ಬರೆದರು. ದೆವ್ವ ಓದಿಕೊಂಡು ವಾಪಸಾಗುತ್ತಿತ್ತು. ಈಗಿನ ಬಿಟಿಎಂ ಲೇಔಟಿನ ಪಿಜಿಗಳಲ್ಲಿ ಹುಡುಕಿದರೂ ಅಷ್ಟು ಕನ್ನಡ ಬಲ್ಲ ದೆವ್ವ ಸಿಕ್ಕೀತೆಂಬ ಭರವಸೆಯಿಲ್ಲ. 1995ರ ಸೆಪ್ಟೆಂಬರ್ 21ರಂದು ದೇಶಾದ್ಯಂತ ಗಣಪತಿ ಹಾಲು ಕುಡಿದ. ವಿಚಾರವಾದಿ ಡಾ. ಎಚ್. ನರಸಿಂಹಯ್ಯನವರ ಉಪನ್ಯಾಸಗಳನ್ನು ಮುಂದಿನ ಸಾಲಲ್ಲೇ ಕೂತು ಕೇಳಿದ್ದ ನಮ್ಮ ಸೋದರಮಾವ, "ಇದು ಬರೀ ಸರ್ಫೇಸ್ ಟೆನ್ಷನ್ ಕಣ್ರೀ" ಎಂದು ಹಿಂದೆಮುಂದಿನವರಿಗೆಲ್ಲ ವಿವರಿಸುತ್ತ ತಮ್ಮ ಸರದಿಗೆ ಕಾದರು. ಕೈಲಿದ್ದ ಚಮಚ ಬೆಳ್ಳಿಯದು.

ಇಲ್ಲೊಂದು ಆಕ್ಷೇಪ ಏಳುತ್ತದೆ. 1983ರಲ್ಲಿ ಪುಣೆಯಿಂದ ಬೆಂಗಳೂರಿಗೆ ಬಂದ ಇನ್ಫೋಸಿಸ್ 1993ರಲ್ಲಿ ತನ್ನ ಷೇರುಗಳನ್ನು ತಲಾ 95 ರೂಪಾಯಿಯಂತೆ ಜನರ ಮುಂದಿಟ್ಟಾಗ, ಸಾಕಷ್ಟು ಅರ್ಜಿಗಳೇ ಬರಲಿಲ್ಲ. ಮಾರ್ಗನ್ ಸ್ಟಾನ್ಲಿ ಬಂದು ಮಿಕ್ಕ ಪಾಲು ಕೊಳ್ಳಬೇಕಾಯಿತು. ಕಂಪನಿ ಕಟ್ಟಿದ ನಾರಾಯಣಮೂರ್ತಿಯವರ ವಾಸ ಜಯನಗರದಲ್ಲೇ. ಹಾಗಿದ್ದೂ "ಯಾವುದಕ್ಕೂ ಇರ್ಲಿ" ಎಂದು ನಮ್ಮವರು ನೂರು ಷೇರು ಯಾಕೆ ತೆಗೆದಿಡಲಿಲ್ಲ? ಉತ್ತರ ಸರಳ: ಪಕ್ಕದ ಮನೆಯವರು ತೆಗೆದಿರಲಿಲ್ಲ. ಪಕ್ಕದ ಮನೆ ಮಾಡದ್ದನ್ನು ಯಾವುದಕ್ಕೂ ಇರಲೆಂದು ಮಾಡುವವನಿಗೆ ಈ ಭಾಗದಲ್ಲಿ ತಲೆ ಕೆಟ್ಟವನು ಎನ್ನುತ್ತಾರೆ. 2000ದ ಮಾರ್ಚ್ ಹೊತ್ತಿಗೆ ಸಾಫ್ಟ್‌ವೇರ್ ಷೇರುಗಳು ಮುಗಿಲು ಮುಟ್ಟಿ, ಎದುರುಮನೆಗೆ ಹೊಸ ಕಾರು ಬಂದ ಮೇಲೆ ಸೋದರಮಾವ ಡೀಮ್ಯಾಟ್ ಖಾತೆ ತೆರೆದರು. ಅದೇ ತಿಂಗಳು ನಾಸ್ಡಾಕ್ ಜಾರತೊಡಗಿತು. ಅವರು ಇದಕ್ಕೆ ಸರ್ಫೇಸ್ ಟೆನ್ಷನ್ ಅನ್ನಲಿಲ್ಲ.

ಮಾವನನ್ನು ಹಳಿಯುವಂತಿಲ್ಲ. 1720ರಲ್ಲಿ ಸೌತ್ ಸೀ ಕಂಪನಿಯ ಷೇರನ್ನು ಒಳ್ಳೇ ಲಾಭಕ್ಕೆ ಮಾರಿದ್ದ ಐಸಾಕ್ ನ್ಯೂಟನ್, ಬೆಲೆ ಇನ್ನೂ ಏರುವುದನ್ನು ನೋಡಲಾರದೆ ಮತ್ತೆ ಕೊಂಡು ಕೈಸುಟ್ಟುಕೊಂಡ. ಅವನಿಗೂ ಪಕ್ಕದ ಮನೆ ಇದ್ದಿರಬೇಕು.

2020ರ ಜನವರಿಯಲ್ಲಿ ಬಸವನಗುಡಿಯ ಗುರು ರಾಘವೇಂದ್ರ ಸಹಕಾರ ಬ್ಯಾಂಕಿನ ಠೇವಣಿದಾರರು 35,000 ರೂಪಾಯಿಗಿಂತ ಹೆಚ್ಚು ತೆಗೆಯುವಂತಿಲ್ಲವೆಂದು ರಿಸರ್ವ್ ಬ್ಯಾಂಕ್ ಆದೇಶಿಸಿತು. ಹೆಸರಲ್ಲಿ ರಾಯರಿದ್ದರು, ಬಡ್ಡಿ ತುಸು ಹೆಚ್ಚಿತ್ತು, ಪಕ್ಕದ ಮನೆಯವರೂ ಇಟ್ಟಿದ್ದರು. ಹಣವಿಟ್ಟವರಲ್ಲಿ ನಿವೃತ್ತರೇ ಬಹಳ. ಈ ಅಧ್ಯಾಯದಲ್ಲಿ ತಮಾಷೆ ಮಾಡಲು ಪ್ರಬಂಧಕಾರನಿಗೆ ಮನಸ್ಸಿಲ್ಲ.

ಕೊನೆಗೆ ಪ್ರಯೋಗ. ಒಂದು ಸೋಮವಾರ ಬಾಟಲಿಯನ್ನು ಗೇಟಿನಿಂದ ತೆಗೆದು ಒಳಗಿಟ್ಟೆ. ನಾಯಿಯ ದಿನಚರಿ ಬದಲಾಗಲಿಲ್ಲ. ಬುಧವಾರ ಎದುರುಮನೆ ಅಜ್ಜಿ, "ಯಾಕ್ ತೆಗೆದ್ರಿ? ಏನಾದ್ರೂ ಹೇಳಿದ್ರಾ ಯಾರಾದ್ರೂ?" ಎಂದು ಕೇಳಿದರು. ನಾನು ಸುಮ್ಮನೆ ನಕ್ಕೆ. ಶುಕ್ರವಾರದ ಹೊತ್ತಿಗೆ ಆರು ಗೇಟುಗಳು ಖಾಲಿ. ಭಾನುವಾರ ಬಾಟಲಿಯನ್ನು ಮತ್ತೆ ಗೇಟಿನ ಬಳಿ ಇಟ್ಟೆ, ಕಸದ ಗಾಡಿಯವನಿಗೆ ಕೊಡೋಣವೆಂದು. ಅವತ್ತು ಗಾಡಿ ಬರಲಿಲ್ಲ. ಸಂಜೆ ಅಜ್ಜಿ ಕುಂಕುಮದ ಭರಣಿ ಹಿಡಿದು ಗೇಟಿಗೆ ಬಂದರು.