ರಿಪೇರಿ ರಾಯರು

ನಮ್ಮ ಬೀದಿಯ ರಾಯರಿಗೆ ಅಪ್ಪ ಅಮ್ಮ ಇಟ್ಟ ಹೆಸರೊಂದಿದೆ. ಅದು ಈಗ ಪಿಂಚಣಿ ಪುಸ್ತಕದಲ್ಲಿ ಮಾತ್ರ ಉಳಿದಿದೆ. ಬೀದಿಗೆಲ್ಲ ಅವರು ರಿಪೇರಿ ರಾಯರು. ಇಂಥವರು ಬೆಂಗಳೂರಿನ ರಾಜಾಜಿನಗರದಲ್ಲೂ ಸಿಗುತ್ತಾರೆ, ಮೈಸೂರಿನ ಕುವೆಂಪುನಗರದಲ್ಲೂ ಸಿಗುತ್ತಾರೆ. ನಿವೃತ್ತಿಯ ಹಾರ ಬಾಡುವ ಮೊದಲೇ ಡ್ರಿಲ್ಲಿಂಗ್ ಮಷೀನು ಕೊಂಡವರೆಲ್ಲ ಇದೇ ಕುಲದವರು.

ಈ ಕುಲದ ಮೊದಲ ಲಕ್ಷಣ ಒಂದು ಹಳೇ ಬಿಸ್ಕತ್ತಿನ ಡಬ್ಬ. ಅದರೊಳಗೆ ಸತ್ತ ಮಿಕ್ಸಿಯ ಸ್ಕ್ರೂ, ಗುಜರಿಗೆ ಹೋದ ಫ್ಯಾನಿನ ವಾಷರ್, ಜೋಡಿ ತಪ್ಪಿದ ಕೀಲು, ಯಾವ ಬೀಗಕ್ಕೂ ಸಲ್ಲದ ಕೀಲಿಕೈ. ‘ಒಂದಲ್ಲ ಒಂದು ದಿನ ಬೇಕಾಗುತ್ತೆ’ ಎಂಬುದು ಮೂಲಮಂತ್ರ. ಆ ದಿನ ಬಂದೇ ಬರುತ್ತದೆ; ಬೇಕಾದ ಅಳತೆಯ ಸ್ಕ್ರೂ ಒಂದು ಬಿಟ್ಟು ಉಳಿದದ್ದೆಲ್ಲ ಡಬ್ಬದಲ್ಲಿರುತ್ತದೆ. ಎರಡನೆಯ ಲಕ್ಷಣ, ‘ಇಷ್ಟಕ್ಕೆಲ್ಲ ಆಚಾರಿ ಯಾಕೆ?’ ಎಂಬ ಉದ್ಗಾರ. ಮೂರನೆಯದು ಬಹಳ ಅಪಾಯದ್ದು: ಕೆಲಸದ ಬಗ್ಗೆ ರಾಯರು ಹೇಳುವುದೆಲ್ಲ ನಿಜ. ತಪ್ಪು ಹೇಳುವವರನ್ನಾದರೂ ತಡೆಯಬಹುದು. ಸರಿಯಾದದ್ದನ್ನೇ ಹೇಳುತ್ತ ಮೊಳೆ ಹೊಡೆಯುವವರನ್ನು ತಡೆಯುವುದು ಹೇಗೆ?

ಹೋದ ಬೇಸಿಗೆಯಲ್ಲಿ ಅವರ ಮನೆಯ ಮಂಚ ರಾತ್ರಿಯೆಲ್ಲ ಕಿರಕಿರ ಅನ್ನತೊಡಗಿತು. ‘ರೀ, ತಲೆದಿಂಬಿನ ಕಡೆ ಬೋಲ್ಟು ಸಡಿಲ ಆಗಿದೆ, ಸ್ವಲ್ಪ ಬಿಗಿ ಮಾಡಿ’ ಅಂದರು ಶ್ರೀಮತಿಯವರು. ರೋಗ ಹಿಡಿದದ್ದು ಸರಿಯಾಗಿಯೇ ಇತ್ತು. ಮರ ಮಳೆಗಾಲದಲ್ಲಿ ಉಬ್ಬುತ್ತದೆ, ಬೇಸಿಗೆಯಲ್ಲಿ ಕುಗ್ಗುತ್ತದೆ. ಬೋಲ್ಟಿಗೆ ಆ ಚಪಲ ಇಲ್ಲ. ಹಾಗಾಗಿ ಆಗಾಗ ಸ್ಪ್ಯಾನರ್ ಹಿಡಿದು ಒಂದು ಸುತ್ತು ತಿರುಗಿಸಬೇಕು, ಅಷ್ಟೆ. ಆದರೆ ಎರಡು ನಿಮಿಷದ ಕೆಲಸ ರಾಯರಿಗೆ ಅವಮಾನ. ಮಂಚ ಸರಿಯಾಗಬೇಕು ಎಂಬುದು ಮನೆಯವರ ಆಸೆ. ರಿಪೇರಿ ನಡೆಯಬೇಕು ಎಂಬುದು ರಾಯರ ಆಸೆ.

‘ಬೋಲ್ಟಲ್ಲ ಕಣೇ, ಜಾಯಿಂಟೇ ಹೋಗಿದೆ. ಸಾಗುವಾನಿ ಅಂತ ಹೇಳಿ ನಿಮ್ಮಪ್ಪ ಹೊನ್ನೆ ಮಂಚ ಕೊಟ್ಟರಲ್ಲ, ಅದರ ಫಲ.’

‘ಹೊನ್ನೆ ಆದರೇನಂತೆ? ನಲವತ್ತು ವರ್ಷ ಅದರ ಮೇಲೇ ಗೊರಕೆ ಹೊಡೆದಿದೀರಲ್ಲ!’

ಭಾನುವಾರ ಬೆಳಿಗ್ಗೆ ಮಂಚ ಬಿಚ್ಚುವ ಕಾರ್ಯಕ್ರಮ. ಬಿಚ್ಚಿದ ಒಂದೊಂದು ಭಾಗಕ್ಕೂ ರಾಯರು ಸೀಮೆಸುಣ್ಣದಲ್ಲಿ ನಂಬರು ಬರೆದರು. ವೃತ್ತಿಪರರು ಹೀಗೇ ಮಾಡುತ್ತಾರೆ ಅಂದರು. ಆಮೇಲೆ ‘ಎಷ್ಟು ಧೂಳು ನೋಡು’ ಅಂತ ಎಲ್ಲವನ್ನೂ ಒದ್ದೆ ಬಟ್ಟೆಯಲ್ಲಿ ಒರೆಸಿದರು.

ಟಾರ್ಚ್ ಹಿಡಿಯುವ ಹುದ್ದೆ ಶ್ರೀಮತಿಯವರದು. ಮೇಲೆ ಹಿಡಿದರೆ ಕೆಳಗೆ, ಕೆಳಗೆ ಹಿಡಿದರೆ ಮೇಲೆ. ಸರಿಯಾದ ಜಾಗಕ್ಕೆ ಹಿಡಿದರೆ ‘ನನ್ನ ಕಣ್ಣಿಗೆ ಬಿಡಬೇಡ!’

ನೋಡಲು ಹೋದ ನನಗೆ ಪಾಠ ಶುರುವಾಯಿತು. ‘ಸ್ಕ್ರೂ ಹಾಕೋ ಮೊದಲು ಅದಕ್ಕಿಂತ ಸಣ್ಣ ತೂತು ಕೊರೀಬೇಕು. ಇಲ್ಲದೇ ಹೋದರೆ ಅಂಚಿನಲ್ಲಿ ಮರ ಸೀಳುತ್ತೆ.’ ಡಬ್ಬ ತಡಕಿದರೆ ಸಣ್ಣ ಬಿಟ್ಟು ಸಿಗಲಿಲ್ಲ. ಸ್ಕ್ರೂವನ್ನು ನೇರವಾಗಿಯೇ ಬಿಟ್ಟರು. ಉದ್ದಪಟ್ಟಿ ಚರ್ರೆಂದು ಸೀಳಿತು. ರಾಯರ ಮುಖ ಬೆಳಗಿತು: ‘ನೋಡಿದಿರಾ? ನಾನು ಹೇಳಿರಲಿಲ್ಲವೇ?’

ಈಗ ನಿಜವಾಗಿಯೂ ರಿಪೇರಿಗೆ ಅರ್ಹವಾದ ಮಂಚ ಸಿಕ್ಕಿತ್ತು. ಫೆವಿಕಾಲ್ ಬಂತು. ಅದರ ಜೊತೆ ಅದರ ಚರಿತ್ರೆಯೂ ಬಂತು: ಅದು ಮಾರುಕಟ್ಟೆಗೆ ಇಳಿದದ್ದು 1959ರಲ್ಲಿ, ಅದಕ್ಕೂ ಮುಂಚೆ ಆಚಾರಿಗಳು ಪ್ರಾಣಿಗಳ ಮೂಳೆ, ಚರ್ಮ ಕುದಿಸಿ ತೆಗೆದ ಅಂಟನ್ನು ಬಿಸಿ ಮಾಡಿಕೊಂಡು ಹಚ್ಚುತ್ತಿದ್ದರು, ಹಳೇ ಅಂಟು ಕೆರೆಯದೆ ಹೊಸದು ಹಚ್ಚಿದರೆ ಹಿಡಿಯುವುದಿಲ್ಲ, ಹಚ್ಚಿದ ಮೇಲೆ ಕ್ಲಾಂಪ್ ಬಿಗಿದು 24 ಗಂಟೆ ಮುಟ್ಟಬಾರದು. ಎಲ್ಲವೂ ಸತ್ಯ. ಕ್ಲಾಂಪ್ ಇರಲಿಲ್ಲವಾಗಿ ಬಟ್ಟೆ ಒಣಹಾಕುವ ನೈಲಾನ್ ಹಗ್ಗ ಬಿಗಿದು, ಮೇಲೆ ಒರಳಿನ ಗುಂಡು ಹೇರಿದರು. ಅವತ್ತು ಬಟ್ಟೆ ಒಣಗಲಿಲ್ಲ, ಮಾರನೇ ದಿನ ದೋಸೆ ಆಗಲಿಲ್ಲ. ಅಂಟೂ ಹಿಡಿಯಲಿಲ್ಲ. ಯಾಕೆಂದರೆ ಹಿಡಿದಿದೆಯೋ ಇಲ್ಲವೋ ಅಂತ ರಾಯರು ಅರ್ಧ ಗಂಟೆಗೊಮ್ಮೆ ಹೋಗಿ ಅಲ್ಲಾಡಿಸಿ ನೋಡುತ್ತಿದ್ದರು.

ಕೊನೆಗೆ ‘ಸೇಫ್ಟಿಗೆ ಇರಲಿ’ ಅಂತ ನಾಲ್ಕಿಂಚಿನ ಮೊಳೆಗಳು. ಒಂದು ಹೊಡೆದ ಮೇಲೆ ಅದಕ್ಕೆ ಜೊತೆಯಾಗಿ ಇನ್ನೊಂದು. ಅದು ಬಾಗಿದ್ದಕ್ಕೆ ಮತ್ತೊಂದು. ಅಂತೂ ಮಂಚ ನಿಂತಿತು. ನಂಬರು ಅಳಿಸಿದ್ದರಿಂದ ಕಾಲುಗಳು ಅದಲುಬದಲಾಗಿ, ಹೂವಿನ ಕೆತ್ತನೆ ಗೋಡೆಗೆ ಮುಖ ಮಾಡಿತ್ತು. ರಾಯರು ಮೆಲ್ಲಗೆ ಕೂತರು. ಸದ್ದಿಲ್ಲ! ಅಕ್ಕಪಕ್ಕದವರನ್ನೆಲ್ಲ ಕರೆದು ತೋರಿಸಿದರು. ಆ ಹೊತ್ತಿಗೆ ಶಾಲೆಯಿಂದ ಬಂದ ಮೊಮ್ಮಗ ಬ್ಯಾಗ್ ಸಮೇತ ಮಂಚದ ಮೇಲೆ ಹಾರಿದ. ಡಬ್ಬದ ಚಿತ್ರದಲ್ಲಿ ಎರಡು ಆನೆ ಎಳೆದರೂ ಬಿಡದ ಅಂಟು, ಒಂದನೇ ಕ್ಲಾಸಿನ ಹುಡುಗನಿಗೆ ಶರಣಾಯಿತು.

ಆಚಾರಿ ಬಂದ. ಮಂಚದ ಸುತ್ತ ಒಂದು ಪ್ರದಕ್ಷಿಣೆ ಹಾಕಿ, ‘ಯಾರು ಸ್ವಾಮಿ ಇಷ್ಟೊಂದು ಮೊಳೆ ಹೊಡೆದಿದ್ದು?’ ಅಂದ.

‘ಹಿಂದೆ ಒಬ್ಬ ಆಚಾರಿ ಬಂದಿದ್ದ’ ಅಂದರು ರಾಯರು, ಕಣ್ಣು ಮಿಟುಕಿಸದೆ.

ಸೀಳಿದ ಭಾಗ ಕತ್ತರಿಸಿ, ಹೊನ್ನೆಯದೇ ತುಂಡು ಕೂರಿಸಿ, ಬೋಲ್ಟು ಬಿಗಿದು ಕೊಟ್ಟ ಅವನು ಹೊರಡುವಾಗ ಹೇಳಿದ: ‘ಮೊದಲೇ ಬೋಲ್ಟು ಬಿಗಿ ಮಾಡಿದ್ದರೆ ಇಷ್ಟೆಲ್ಲ ಆಗ್ತಿರಲಿಲ್ಲ ಅಮ್ಮಾ.’ ಶ್ರೀಮತಿಯವರು ಏನೂ ಅನ್ನದೆ ರಾಯರನ್ನು ನೋಡಿದರು. ರಾಯರು ಮೇಲೆ ಫ್ಯಾನು ನೋಡಿದರು. ಅದು ಸ್ವಲ್ಪ ಅಲುಗುತ್ತಿದೆ ಅಂತ ಅವರಿಗೆ ಅನ್ನಿಸಿತಂತೆ.

ಇಷ್ಟಾದ ಮೇಲೆ ರಾಯರು ತಣ್ಣಗಾಗಿರಬಹುದು ಅಂತ ಸಂಜೆ ಪಾರ್ಕಿನ ಕಡೆ ಹೋದೆ. ಕಲ್ಲುಬೆಂಚಿನ ಮೇಲೆ ನಾಲ್ಕು ಜನ ಪಿಂಚಣಿದಾರರ ನಡುವೆ ಅವರದೇ ದನಿ: ‘ಬೆಳಿಗ್ಗೆ ಬಂದ ಆಚಾರಿ ಮಧ್ಯಾಹ್ನದವರೆಗೂ ಒದ್ದಾಡಿಬಿಟ್ಟ ರೀ, ನಾನು ಹೊಡೆದ ಮೊಳೆ ಕೀಳೋಕೆ. ಕೆಲಸ ಅಂದರೆ ಹಾಗಿರಬೇಕು!’